ಅಮೆರಿಕದ ಡಾಲರ್ ನಾಣ್ಯವನ್ನು ದಿನದ ವ್ಯವಹಾರಕ್ಕೆ ಬಳಸುವುದು ಹೇಗೆ

ಅಮೆರಿಕದಲ್ಲಿ ಒಂದು ಡಾಲರ್ ಎಂದೊಡನೆ ನೆನಪಾಗುವುದು ಜಾರ್ಜ್ ವಾಷಿಂಗ್ಟನ್‌ರ ಚಿತ್ರವಿರುವ ನೋಟು. ಅದೇ ಬೆಲೆಯ ನಾಣ್ಯವೂ ಅಲ್ಲಿದೆ. ಅದು ನೋಟಿನಷ್ಟೇ ಕಾನೂನುಬದ್ಧವಾದ ಹಣ, ಬ್ಯಾಂಕಿನಲ್ಲಿ ಕೇಳಿದರೆ ಮುಖಬೆಲೆಗೇ ಸಿಗುತ್ತದೆ. ಆದರೂ ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಅದನ್ನು ಕೊಟ್ಟು ಒಂದು ಲೋಟ ಕಾಫಿಯನ್ನೂ ಕೊಂಡಿರುವುದಿಲ್ಲ. ಇದಕ್ಕೆ ನಾಣ್ಯದ ಮೇಲಿನ ಅಪನಂಬಿಕೆಗಿಂತ ಅಂಗಡಿಯ ಗಲ್ಲಾಪೆಟ್ಟಿಗೆಯೇ ಹೆಚ್ಚಿನ ಕಾರಣ. ಆ ಪೆಟ್ಟಿಗೆಯಲ್ಲಿ ಒಂದು ಸೆಂಟಿನ ಪೆನ್ನಿ, ಐದು ಸೆಂಟಿನ ನಿಕಲ್, ಹತ್ತು ಸೆಂಟಿನ ಡೈಮ್, ಇಪ್ಪತ್ತೈದು ಸೆಂಟಿನ ಕ್ವಾರ್ಟರ್‌ಗಳಿಗೆ ಒಂದೊಂದು ಗುಳಿ ಇರುತ್ತದೆ. ಡಾಲರ್ ನಾಣ್ಯಕ್ಕೆಂದು ಮೀಸಲಾದ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಷಿಯರ್ ಅದನ್ನು ಯಾವುದೋ ಮೂಲೆಗೆ ಹಾಕಿಟ್ಟು, ಸಂಜೆ ಲೆಕ್ಕ ಮುಗಿದ ಮೇಲೆ ಬ್ಯಾಂಕಿಗೆ ಕಳುಹಿಸುತ್ತಾನೆಯೇ ಹೊರತು ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಕೊಡುವುದಿಲ್ಲ. ಹೀಗೆ ಒಂದೇ ಕೈ ದಾಟಿ ಹಿಂದಿರುಗಿದ ನಾಣ್ಯಗಳು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಉಗ್ರಾಣಗಳಲ್ಲಿ ಸುಮಾರು 140 ಕೋಟಿಯಷ್ಟು ರಾಶಿ ಬಿದ್ದದ್ದರಿಂದಲೇ 2011ರ ಡಿಸೆಂಬರ್‌ನಲ್ಲಿ ಸರ್ಕಾರವು ಚಲಾವಣೆಗಾಗಿ ಅವುಗಳನ್ನು ಟಂಕಿಸುವುದನ್ನು ನಿಲ್ಲಿಸಿತು. ಆದುದರಿಂದ ಈ ನಾಣ್ಯವನ್ನು ಖರ್ಚು ಮಾಡಬೇಕೆನ್ನುವವರು, ಅದನ್ನು ಪಡೆಯುವವನಿಗೆ ಎಲ್ಲಿ, ಹೇಗೆ ಕೊಟ್ಟರೆ ತೊಂದರೆ ಕಡಿಮೆ ಎಂಬುದನ್ನು ಮೊದಲು ಯೋಚಿಸಬೇಕು.

ನಾಣ್ಯವನ್ನು ಪಡೆಯಲು ನಿಮ್ಮ ಖಾತೆಯಿರುವ ಶಾಖೆಗೆ ಹೋಗಿ, ಕೌಂಟರ್‌ನಲ್ಲಿ ಡಾಲರ್ ನಾಣ್ಯದ ರೋಲ್ ಇದೆಯೇ ಎಂದು ಕೇಳಿ. ಒಂದು ರೋಲ್‌ನಲ್ಲಿ 25 ನಾಣ್ಯಗಳಿರುತ್ತವೆ, ತೂಕ ಸುಮಾರು 200 ಗ್ರಾಂ. ರೋಲ್ ಇಲ್ಲದ ಶಾಖೆಯಲ್ಲೂ ಯಾರೋ ಜಮಾ ಮಾಡಿದ ಬಿಡಿ ನಾಣ್ಯಗಳು ಹತ್ತಿಪ್ಪತ್ತು ಬಿದ್ದಿರುವುದುಂಟು. ಅವನ್ನು ಕೇಳಿ ಪಡೆಯುವವರು ಬಂದರೆಂದು ಅಲ್ಲಿನ ಸಿಬ್ಬಂದಿಗೆ ಸಮಾಧಾನವೇ ಆಗುತ್ತದೆ. ಮೊದಲ ಸಲ ಒಂದೇ ರೋಲ್ ಸಾಕು. ಜೇಬಿನ ಭಾರ ಎಷ್ಟೆಂಬುದು ಎರಡು ದಿನ ಓಡಾಡಿದ ಮೇಲೆ ತಿಳಿಯುತ್ತದೆ.

ರೋಲ್ ಬಿಚ್ಚಿದ ಮೇಲೆ ನಾಣ್ಯಗಳನ್ನು ವಿಂಗಡಿಸಲೇಬೇಕು. ಎಲ್ಲಕ್ಕಿಂತ ದೊಡ್ಡದು 1971ರಿಂದ 1978ರವರೆಗೆ ಬಂದ, ಅಧ್ಯಕ್ಷರ ಹೆಸರಿನ ಐಸೆನ್‌ಹೋವರ್ ಡಾಲರ್. ಅದರ ಅಡ್ಡಳತೆ 38.1 ಮಿಲಿಮೀಟರ್. ಅದು ಯಂತ್ರಗಳ ಕಂಡಿಗೆ ಹಿಡಿಸುವುದಿಲ್ಲ, ಆದ್ದರಿಂದ ಮನುಷ್ಯರ ಕೈಗೇ ಕೊಡಬೇಕು. ಎರಡನೆಯದು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿಯ ಚಿತ್ರವಿರುವ ಡಾಲರ್. 1979ರಿಂದ 1981ರವರೆಗೂ, ಮತ್ತೆ 1999ರಲ್ಲೂ ಬಂದ ಈ ನಾಣ್ಯವೇ ಡಾಲರ್ ನಾಣ್ಯಗಳ ಕುಲಕ್ಕೆ ಕೆಟ್ಟ ಹೆಸರು ತಂದಿತೆನ್ನಬಹುದು: 26.5 ಮಿಲಿಮೀಟರ್ ಅಗಲ, ಬೆಳ್ಳಿಯ ಬಣ್ಣ, ಅಂಚಿನಲ್ಲಿ ಗೀರುಗಳು. 24.26 ಮಿಲಿಮೀಟರಿನ ಕ್ವಾರ್ಟರ್‌ಗೂ ಇದೇ ಬಣ್ಣ, ಇದೇ ಗೀರು. ಬೆಲೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿರುವ ಎರಡು ನಾಣ್ಯಗಳನ್ನು ಅವಳಿಗಳಂತೆ ರೂಪಿಸಿದವರ ಆಲೋಚನೆ ಏನಿತ್ತೋ ಊಹಿಸುವುದು ಕಷ್ಟ. ಮೂರನೆಯದಾದ, ಅಮೆರಿಕದ ಮೂಲನಿವಾಸಿ ಮಹಿಳೆ ಸಕಾಜವಿಯಾಳ ಚಿತ್ರವಿರುವ ಡಾಲರ್ 2000ದಲ್ಲಿ ಬಂದಾಗ ಆ ತಪ್ಪನ್ನು ತಿದ್ದಲಾಯಿತು. ಮ್ಯಾಂಗನೀಸ್ ಬೆರೆತ ಹಿತ್ತಾಳೆಯ ಹೊದಿಕೆಯಿಂದ ಅದಕ್ಕೆ ಚಿನ್ನದ ಬಣ್ಣ ಬಂತು, ಅಂಚು ನುಣುಪಾಯಿತು. ಆದರೆ ಅಳತೆಯನ್ನೂ 8.1 ಗ್ರಾಂ ತೂಕವನ್ನೂ ಬದಲಿಸಲಿಲ್ಲ, ಯಂತ್ರದ ಒಳಗಿನ ವಿದ್ಯುತ್ಕಾಂತೀಯ ಪರೀಕ್ಷೆಗೂ ಅದು ಆಂಟನಿ ಡಾಲರಿನಂತೆಯೇ ಕಾಣುವಂತೆ ಲೋಹವನ್ನು ಆರಿಸಲಾಯಿತು. ಹೀಗಾಗಿ ಒಂದನ್ನು ಸ್ವೀಕರಿಸುವ ಯಂತ್ರವು ಸಾಮಾನ್ಯವಾಗಿ ಇನ್ನೊಂದನ್ನೂ ಸ್ವೀಕರಿಸುತ್ತದೆ. ನಾಲ್ಕನೆಯದು 2007ರಿಂದ ವರ್ಷಕ್ಕೆ ನಾಲ್ವರಂತೆ ಹೊರತಂದ ಅಧ್ಯಕ್ಷರ ಮಾಲೆ. ಇವುಗಳಲ್ಲಿ ಇಸವಿಯನ್ನು ಅಂಚಿನ ಮೇಲೆ ಕೊರೆದಿರುತ್ತಾರೆ.

ಕೆಲವನ್ನು ಖರ್ಚು ಮಾಡಬಾರದು. 1935ರವರೆಗಿನ ಮಾರ್ಗನ್ ಮತ್ತು ಪೀಸ್ ಡಾಲರ್‌ಗಳಲ್ಲಿ ಶೇಕಡಾ 90ರಷ್ಟು ಬೆಳ್ಳಿಯಿದೆ. ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಗುರುತಿರುವ ಐಸೆನ್‌ಹೋವರ್‌ಗಳಲ್ಲಿ ಕೆಲವು ಶೇಕಡಾ 40ರಷ್ಟು ಬೆಳ್ಳಿಯವು. ಸಾಧಾರಣ ನಾಣ್ಯದ ಅಂಚಿನಲ್ಲಿ ತಾಮ್ರದ ಗೆರೆ ಎದ್ದು ಕಾಣುತ್ತದೆ, ಬೆಳ್ಳಿಯದರಲ್ಲಿ ಹಾಗೆ ಕಾಣುವುದಿಲ್ಲ. ಅಧ್ಯಕ್ಷರ ಮಾಲೆಯಲ್ಲಿ ಅಂಚಿನ ಬರಹವೇ ಇಲ್ಲದ ನಾಣ್ಯ ಸಿಕ್ಕಿದರೆ ಅದನ್ನು ತೆಗೆದಿಡಿ. ಟಂಕಸಾಲೆಯ ಆ ತಪ್ಪಿಗೆ ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಡುತ್ತಾರೆ. ಉಳಿದವು, ಕಪ್ಪಿಟ್ಟಿದ್ದರೂ ಕಂದಿದ್ದರೂ, ಒಂದು ಡಾಲರಿನವೇ.

ಇನ್ನು ಖರ್ಚಿನ ವಿಚಾರ. ಹೊಸಬರು ಯಂತ್ರಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಯಂತ್ರವು ಮುಖ ಸಿಂಡರಿಸುವುದಿಲ್ಲ. ತಿಂಡಿ, ತಂಪು ಪಾನೀಯಗಳ ಅನೇಕ ಯಂತ್ರಗಳೂ ಹಲವು ಊರುಗಳ ರೈಲು, ಬಸ್ಸುಗಳ ಟಿಕೆಟ್ ಯಂತ್ರಗಳೂ ಇವನ್ನು ತೆಗೆದುಕೊಳ್ಳುತ್ತವೆ. ಸುಕ್ಕುಗಟ್ಟಿದ ನೋಟನ್ನು ನಾಲ್ಕು ಸಲ ಒಳಗೆ ತಳ್ಳಿ ನಾಲ್ಕು ಸಲವೂ ಹಿಂದಕ್ಕೆ ಪಡೆದವರಿಗೆ ಇದರ ಸುಖ ಥಟ್ಟನೆ ಅರ್ಥವಾಗುತ್ತದೆ. ದೊಡ್ಡ ಅಂಗಡಿಗಳಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರದ ನಾಣ್ಯದ ಕಂಡಿಗೆ ಮೊದಲು ಒಂದೇ ಒಂದನ್ನು ಹಾಕಿ, ಪರದೆಯ ಮೇಲೆ ಒಂದು ಡಾಲರ್ ಕಳೆಯಿತೇ ಎಂದು ನೋಡಿಕೊಂಡು ಮುಂದುವರಿಯಿರಿ. ಬಟ್ಟೆ ಒಗೆಯುವ ಅಂಗಡಿಗಳ ಯಂತ್ರಗಳಲ್ಲಿ ಬಹುಪಾಲು ಕ್ವಾರ್ಟರ್‌ಗೆಂದೇ ಮಾಡಿದವು. ಅಲ್ಲಿ ಪ್ರಯತ್ನ ಬೇಡ.

ಮನುಷ್ಯರ ಕೌಂಟರ್‌ನಲ್ಲಿ ಮಾತು ಮುಖ್ಯ. ನಾಣ್ಯಗಳನ್ನು ಕ್ವಾರ್ಟರ್‌ಗಳ ಜೊತೆ ಬೆರೆಸಿ ಸುರಿಯದೆ, ಅಂಗೈಯಲ್ಲಿ ಅಥವಾ ಕೌಂಟರ್ ಮೇಲೆ ಬೇರೆಯಾಗಿ ಹರಡಿ, ‘ಇವು ಡಾಲರ್ ನಾಣ್ಯಗಳು, ಮೂರು ಇವೆ’ ಎಂದು ಹೇಳಿಯೇ ಕೊಡಬೇಕು. ಹೇಳದೆ ಕೊಟ್ಟ ಆಂಟನಿ ಡಾಲರ್ ಕ್ವಾರ್ಟರ್‌ಗಳ ಗುಳಿಗೆ ಬಿದ್ದರೆ ನಿಮಗೆ ಎಪ್ಪತ್ತೈದು ಸೆಂಟ್ ನಷ್ಟ, ಸಾಲದ್ದಕ್ಕೆ ಸಂಜೆ ಆ ಕ್ಯಾಷಿಯರ್‌ನ ಲೆಕ್ಕವೂ ತಪ್ಪುತ್ತದೆ. ಒಂದು ಸಲಕ್ಕೆ ಎರಡು, ಮೂರು, ಹೆಚ್ಚೆಂದರೆ ಐದು ಸಾಕು. ಸರತಿ ಉದ್ದವಿರುವಾಗ ಕೊಡಬೇಡಿ. ದಿನವೂ ಹೋಗುವ ಕಾಫಿ ಅಂಗಡಿ, ವಾರದ ತರಕಾರಿ ಸಂತೆ, ಪರಿಚಯದ ಕ್ಷೌರದಂಗಡಿಗಳು ಇದಕ್ಕೆ ತಕ್ಕ ಸ್ಥಳಗಳು. ಮೂರನೆಯ ಭೇಟಿಗೆ ಅವರೇ ನಾಣ್ಯವನ್ನು ತಿರುಗಿಸಿ ಇದು ಯಾವ ಅಧ್ಯಕ್ಷ ಎಂದು ನೋಡತೊಡಗುತ್ತಾರೆ. ಹೋಟೆಲಿನ ಮೇಜಿನ ಮೇಲೆ ಟಿಪ್ಸ್ ಇಡುವಾಗ ಚಿನ್ನದ ಬಣ್ಣದವನ್ನೇ ಇಡಿ.

ಅಂಗಡಿಯವರು ಬೇಡವೆಂದರೆ ನೋಟು ಕೊಟ್ಟು ಮುಂದೆ ನಡೆಯಿರಿ. ಕಾನೂನುಬದ್ಧ ಹಣವೆಂಬ ವಾದವನ್ನು ಅಲ್ಲಿ ಹೂಡುವುದು ವ್ಯರ್ಥ. ಅಮೆರಿಕದ ಕಾನೂನು ಈ ನಾಣ್ಯವನ್ನು ಸಾಲ ಮತ್ತು ತೆರಿಗೆಗಳ ಪಾವತಿಗೆ ಸಲ್ಲುವ ಹಣವೆಂದು ಸಾರುತ್ತದೆಯಾದರೂ, ಖಾಸಗಿ ವ್ಯಾಪಾರಿಯು ಸರಕು ಮಾರುವಾಗ ನಿರ್ದಿಷ್ಟ ನೋಟನ್ನೋ ನಾಣ್ಯವನ್ನೋ ಸ್ವೀಕರಿಸಲೇಬೇಕೆಂದು ಕಡ್ಡಾಯ ಮಾಡುವ ಒಕ್ಕೂಟ ಮಟ್ಟದ ಕಾನೂನಿಲ್ಲ. ಕರ್ನಾಟಕದಲ್ಲಿ ಹತ್ತು ರೂಪಾಯಿಯ ನಾಣ್ಯವನ್ನು ನೀಡಿ ‘ಇದು ನಡೆಯೋಲ್ಲ ಸಾರ್’ ಎಂದು ಕೇಳಿಸಿಕೊಂಡವರಿಗೆ ಈ ಅನುಭವ ಹೊಸದಲ್ಲ. ಆದರೆ ಎರಡಕ್ಕೂ ಒಂದು ಭೇದವಿದೆ: ಇಲ್ಲಿ ಖೋಟಾ ನಾಣ್ಯವೆಂಬ ವದಂತಿಯೇ ಮುಖ್ಯ ಕಾರಣವಾಗಿದ್ದು, ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟಪಡಿಸಬೇಕಾಯಿತು, ಅಲ್ಲಿಯದು ಬರೀ ಅಭ್ಯಾಸವಿಲ್ಲದ ಮುಜುಗರ. ಕೆನಡಾ ದೇಶವು 1987ರಲ್ಲಿ ಡಾಲರ್ ನಾಣ್ಯ ತಂದು, 1989ರಲ್ಲಿ ನೋಟಿನ ವಿತರಣೆಯನ್ನೇ ನಿಲ್ಲಿಸಿದ್ದರಿಂದ ಈ ಮುಜುಗರ ಅಲ್ಲಿ ಬೇರೂರಲಿಲ್ಲ. ಅಮೆರಿಕದಲ್ಲಿ ಚಲಾವಣೆಯ ಪೆನ್ನಿಯನ್ನು ಟಂಕಿಸುವುದು 2025ರ ನವೆಂಬರ್‌ನಲ್ಲಿ ನಿಂತಿರುವುದರಿಂದ, ಮುಂದೊಂದು ದಿನ ಗಲ್ಲಾಪೆಟ್ಟಿಗೆಯಲ್ಲಿ ಒಂದು ಗುಳಿ ಖಾಲಿಯಾದರೂ ಆಗಬಹುದು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಹಿಂದಿರುಗುವ ಹಿರಿಯರು ಒಂದು ಮಾತನ್ನು ಗಮನದಲ್ಲಿಡಬೇಕು. ಬೆಂಗಳೂರಿನ ಹಣ ವಿನಿಮಯದವರು ಸಾಮಾನ್ಯವಾಗಿ ವಿದೇಶಿ ನೋಟುಗಳನ್ನಷ್ಟೇ ಕೊಳ್ಳುತ್ತಾರೆ, ನಾಣ್ಯಗಳನ್ನಲ್ಲ. ಆದ್ದರಿಂದ ಉಳಿದ ಡಾಲರ್ ನಾಣ್ಯಗಳನ್ನು ವಿಮಾನ ಹತ್ತುವ ಮುನ್ನವೇ ಖರ್ಚು ಮಾಡಿ, ಇಲ್ಲವೇ ಮಗಳಿಗೋ ಅಳಿಯನಿಗೋ ಕೊಟ್ಟು ಬನ್ನಿ. ದಕ್ಷಿಣ ಅಮೆರಿಕದ ಪ್ರವಾಸವಿದ್ದರೆ ಮಾತ್ರ ಜೊತೆಗಿಟ್ಟುಕೊಳ್ಳಿ: 2000ದಲ್ಲಿ ಡಾಲರನ್ನೇ ತನ್ನ ಹಣವಾಗಿ ಸ್ವೀಕರಿಸಿದ ಎಕ್ವಡಾರ್‌ನಲ್ಲಿ ಸಕಾಜವಿಯಾ ನಾಣ್ಯವು ಸಂತೆಯಲ್ಲೂ ಬಸ್ಸಿನಲ್ಲೂ ಕೈಯಿಂದ ಕೈಗೆ ಸಲೀಸಾಗಿ ಓಡಾಡುತ್ತದೆ. ಅಲ್ಲಿ ಅದನ್ನು ಏನೂ ಹೇಳದೆಯೇ ಕೊಡಬಹುದು.