ವಸತಿ ಮದರಸಾದಲ್ಲಿ ಮಶ್ವರಾ: ನಾಜಿಮ್ ಕೊನೆಗೆ ಮಾತಾಡಲಿ

ಮದರಸಾ ನಡೆಸುವ ನಾಜಿಮ್ ಸಾಹೇಬರು ಹೇಳುವುದು, ಉಳಿದವರು ತಲೆಯಾಡಿಸುವುದು. ಮಶ್ವರಾ, ಅಂದರೆ ಸಮಾಲೋಚನೆಯ ಕೂಟ, ಎಷ್ಟೋ ಕಡೆ ಹೀಗೇ ಮುಗಿಯುತ್ತದೆ. ಅದಕ್ಕೇ ನಾವು ಮೊದಲು ಬದಲಿಸಿದ್ದು ಮಾತಿನ ಸರದಿಯನ್ನು: ಮೊದಲು ಕಿರಿಯ ಉಸ್ತಾದರು, ಆಮೇಲೆ ವಾರ್ಡನ್, ಹಿರಿಯ ಉಸ್ತಾದರು, ಟ್ರಸ್ಟಿಗಳು, ನಾಜಿಮ್ ಕಟ್ಟಕಡೆಗೆ. ಹಿರಿಯರು ಒಮ್ಮೆ ಬಾಯಿಬಿಟ್ಟರೆ ಅದಬಿನ, ಅಂದರೆ ಮರ್ಯಾದೆಯ, ಭಯಕ್ಕೆ ಕಿರಿಯರು ಸುಮ್ಮನಾಗುತ್ತಾರೆ. ದೊಡ್ಡ ಹುಡುಗರ ಅಭಿಪ್ರಾಯವನ್ನು ಹಿಂದಿನ ದಿನವೇ ಬೇರೆಯಾಗಿ ಕೇಳಿಡುತ್ತೇವೆ. ಉಸ್ತಾದರ ಎದುರಿಗೆ ಅವರಿಂದ ಸತ್ಯ ಹೊರಡದು.

ಜುಮಾ ನಮಾಜಿನ ನಂತರ ಸಭೆ ಬೇಡ, ಎಲ್ಲರಿಗೂ ಮನೆಗೆ ಹೋಗುವ ಅವಸರ. ರಾತ್ರಿಯ ಇಶಾ ನಮಾಜು ಆದಮೇಲೆ ಕೂರುವುದು ವಾಸಿ. ನಾಲ್ಕಕ್ಕಿಂತ ಹೆಚ್ಚು ವಿಷಯ ಇಡುವುದಿಲ್ಲ. ಲೆಕ್ಕದ ಹಾಳೆ ಎರಡು ದಿನ ಮೊದಲೇ ಎಲ್ಲರ ಕೈಗೆ. ಊಟದ ವಿಷಯವಿದ್ದರೆ ಅಡುಗೆ ಮಾಡುವ ಬಾವರ್ಚಿಯನ್ನೂ ಕರೆಯಬೇಕು. ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿಯಂತೆ 60 ಮಕ್ಕಳಿಗೆ 18 ಕಿಲೋ ಎಂದು ಕಾಗದ ಹೇಳುತ್ತದೆ. ಗುರುವಾರ ಸಂಜೆ ಎಷ್ಟು ಮಕ್ಕಳು ಊರಿಗೆ ಹೊರಡುತ್ತಾರೆ, ಎಷ್ಟು ಅನ್ನ ಉಳಿಯುತ್ತದೆ ಎಂಬುದು ಗೊತ್ತಿರುವುದು ಅವನಿಗೇ.

ಎಲ್ಲವೂ ಮಶ್ವರಾದ ವಿಷಯವಲ್ಲ. ಝಕಾತ್ (ಕಡ್ಡಾಯ ದಾನ) ಹಣದಲ್ಲಿ ಕಟ್ಟಡ ಕಟ್ಟೋಣ, ಸಂಬಳ ಕೊಡೋಣ ಎಂದು ಹತ್ತು ಮಂದಿ ಒಪ್ಪಿದರೂ ಹನಫಿ ಪಂಥದ ಫಿಕ್ಹ್ (ಧರ್ಮಶಾಸ್ತ್ರ) ಪ್ರಕಾರ ಆಗದು. ಝಕಾತ್ ಬಡ ವಿದ್ಯಾರ್ಥಿಯ ಒಡೆತನಕ್ಕೆ ಹೋಗಬೇಕು. ಆದ್ದರಿಂದ ಝಕಾತ್, ಲಿಲ್ಲಾಹ್ (ಸ್ವಇಚ್ಛೆಯ ದಾನ) ಎರಡಕ್ಕೂ ಬೇರೆ ಬೇರೆ ರಸೀದಿ ಪುಸ್ತಕ. ರಾತ್ರಿ ಮಗುವಿಗೆ ಜ್ವರ ಬಂದರೆ ವಾರ್ಡನ್ ಯಾರನ್ನೂ ಕೇಳುತ್ತಾ ಕೂರಬಾರದು, ನೇರ ಆಸ್ಪತ್ರೆಗೆ, ವರದಿ ಆಮೇಲೆ.

ಕೈಯೆತ್ತಿಸಿ ಮತ ಎಣಿಸುವುದನ್ನು ಬಿಟ್ಟಿದ್ದೇವೆ, ಅದು ಗುಂಪು ಹುಟ್ಟಿಸುತ್ತದೆ. ಒಮ್ಮತ ಬರದಿದ್ದರೆ ಒಂದೇ ಬಾರಿ ಮುಂದೂಡಿಕೆ, ಎರಡನೇ ಸಲ ನಾಜಿಮ್ ತೀರ್ಮಾನ. ಕುರಾನಿನ ಅಧ್ಯಾಯ ಆಲು ಇಮ್ರಾನ್‌ನ 159ನೇ ಆಯತ್ತಿನಲ್ಲೂ ಇದೇ ಕ್ರಮ: ಮೊದಲು ಸಮಾಲೋಚನೆ, ನಿರ್ಧಾರವಾದ ಮೇಲೆ ಅಲ್ಲಾಹನ ಮೇಲೆ ಭರವಸೆ. ಭಿನ್ನಮತವನ್ನು ಆ ಕೂಟದಲ್ಲೇ ರಿಜಿಸ್ಟರಿಗೆ ಬರೆಯುತ್ತೇವೆ, ಕೆಲಸ ಯಾರದು, ಎಂದಿಗೆ ಎಂಬುದರ ಜೊತೆಗೆ.

ಹೆಚ್ಚು ತಲೆನೋವು ಗೈರಾದವರದ್ದು: "ನನ್ನನ್ನೇಕೆ ಕೇಳಲಿಲ್ಲ?" 1866ರಲ್ಲಿ ಶುರುವಾದ ಉತ್ತರ ಪ್ರದೇಶದ ದೇವಬಂದ್ ದಾರುಲ್ ಉಲೂಮ್ ಮದರಸಾಕ್ಕೆ ಅದರ ಸ್ಥಾಪಕರಲ್ಲೊಬ್ಬರಾದ ಮೌಲಾನಾ ಖಾಸಿಂ ನಾನೌತವಿ ಬರೆದ ಎಂಟು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ಸಾಕಷ್ಟು ಸದಸ್ಯರ ಸಲಹೆ ಪಡೆದಿದ್ದರೆ, ಕೇಳದೆ ಉಳಿದವನು ಮುನಿಯಬಾರದು; ಮುಹ್ತಮಿಮ್ (ಆಡಳಿತ ಮುಖ್ಯಸ್ಥ) ಯಾರನ್ನೂ ಕೇಳದಿದ್ದರೆ ಆಕ್ಷೇಪಿಸಬಹುದು. ಆ ಸಾಲನ್ನು ನಮ್ಮ ರಿಜಿಸ್ಟರಿನ ಮೊದಲ ಪುಟದಲ್ಲಿ ಅಂಟಿಸಿದ್ದೇವೆ.

ಬಜೆಟ್ ಕೂಟ ಮಾತ್ರ ರಮಝಾನಿನ ಹಿಂದಿನ ತಿಂಗಳಾದ ಶಾಬಾನ್ ಮೊದಲ ವಾರದಲ್ಲೇ ಆಗಬೇಕು. ರಮಝಾನ್ ಚಂದಾ ಎತ್ತುವ ಸಫೀರರು (ಮದರಸಾದ ಪ್ರತಿನಿಧಿಗಳು) ಊರೂರಿಗೆ ಹೊರಟುಬಿಟ್ಟರೆ ಯಾವ ಬಾಬ್ತಿಗೆ ಎಷ್ಟು ಕೇಳಬೇಕೆಂದು ಅವರಿಗೆ ಹೇಳುವವರಿಲ್ಲ.