ರಸೀದಿ ಪುಸ್ತಕ ಬಿಟ್ಟು ಕಾಯಿ ಎತ್ತಿದೆವು: ನನ್ನ ಅನುಭವ

2025ರ ಜೂನ್‌ನಲ್ಲಿ ತಿಪಟೂರು ಎಪಿಎಂಸಿ ಮಾರುಕಟ್ಟೆಯಲ್ಲಿ ನಮ್ಮ ಸೇವಾ ಕ್ಲಬ್‌ನ ಕೊಬ್ಬರಿ ಕ್ವಿಂಟಲ್‌ಗೆ 25,000 ರೂಪಾಯಿ ದಾಟಿ ಹೋಯಿತು. ಹನ್ನೆರಡೂವರೆ ಕ್ವಿಂಟಲ್ ಹತ್ತಿರ ಇತ್ತು. ಸುಲಿದ ಕೂಲಿ, ಒಡೆದ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಕಳೆದು ಸುಮಾರು 2.80 ಲಕ್ಷ ಸೇವಾ ಖಾತೆಗೆ ಬಿತ್ತು. ಚಂದಾ ಬದಲು ಮನೆಮನೆಯಿಂದ ಕಾಯಿ ಎತ್ತಿ, ಕೊಬ್ಬರಿ ಮಾಡಿ ಮಾರುವ ಈ ಯೋಜನೆಯನ್ನು ಅದಕ್ಕೆ ಮೂರು ವರ್ಷದ ಹಿಂದೆ ಖಜಾಂಚಿಯಾದ ನಾನು ಮುಂದಿಟ್ಟಾಗ 'ಖಜಾಂಚಿ ಕಾಯಿ ವ್ಯಾಪಾರಕ್ಕೆ ಇಳಿದ' ಅಂತ ಮೀಟಿಂಗ್‌ನಲ್ಲೇ ನಕ್ಕಿದ್ದರು. ಅವರಲ್ಲಿ ಇಬ್ಬರು ಈಗ ಪಕ್ಕದ ಕ್ಲಬ್‌ಗಳಿಗೆ ಹೋಗಿ ಇದರ ಬಗ್ಗೆ ಭಾಷಣ ಮಾಡುತ್ತಿದ್ದಾರೆ. ಮಾಡಲಿ. ಲೆಕ್ಕ ಮಾತ್ರ ನಾನೇ ಬರೆಯುತ್ತೇನೆ.

ನಮ್ಮದು ತಿಪಟೂರು ಸೀಮೆಯ ಚಿಕ್ಕ ಊರು. ಸದಸ್ಯರು ನಲವತ್ತರ ಒಳಗೆ. ಗೊಬ್ಬರದ ಅಂಗಡಿಯವರು, ವಕೀಲರು, ಇಬ್ಬರು ಮೂವರು ಡಾಕ್ಟರು, ಉಳಿದವರು ತೋಟ ಇರುವ ಮೇಷ್ಟ್ರುಗಳು. ನಮಗೆ ಬೇಕಾಗಿದ್ದು ಒಂದೇ. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಸಾಲ ಕೊಡಲು ಆಸ್ಪತ್ರೆ ಮಂಚ, ಏರ್ ಬೆಡ್, ವೀಲ್‌ಚೇರ್, ವಾಕರ್. ಜೊತೆಗೆ ಒಂದು ಫ್ರೀಜರ್ ಪೆಟ್ಟಿಗೆ. ಊರಲ್ಲಿ ಯಾರಾದರೂ ತೀರಿಕೊಂಡು, ಮಕ್ಕಳು ದೂರದಿಂದ ಬರಬೇಕಾದರೆ ಆ ಪೆಟ್ಟಿಗೆಗೆ ತುಮಕೂರಿಗೆ ಫೋನ್ ಮಾಡಬೇಕಾಗಿತ್ತು.

ಮೊದಲು ನಾವೂ ಎಲ್ಲರಂತೆ ರಸಮಂಜರಿ ಮಾಡಿದವರೇ. ಆರ್ಕೆಸ್ಟ್ರಾಗೆ 80,000. ಪೆಂಡಾಲು, ಲೈಟು, ಸೌಂಡಿಗೆ ಅರ್ಧ ಲಕ್ಷದ ಮೇಲೆ. ಜನರೇಟರು, ಊಟ, ಶಾಲು ಹಾರ ಬೇರೆ. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಲೇಬೇಕು. ಜನ ಸೇರುವುದೇ ಎಂಟೂವರೆಗೆ. ಪಾಸುಗಳಲ್ಲಿ ಅರ್ಧ ಪುಕ್ಕಟೆ ಹೋಗಿದ್ದವು. 2.40 ಲಕ್ಷ ಬಂತು, 2.10 ಲಕ್ಷ ಹೋಯಿತು. ಉಳಿದ 30,000ಕ್ಕಾಗಿ ಊರಿನ ಅಂಗಡಿಯವರೆಲ್ಲ ಆರು ತಿಂಗಳು ನಮ್ಮ ಮುಖ ನೋಡಿದರೆ ಒಳಗೆ ಹೋಗುತ್ತಿದ್ದರು.

ಒಬ್ಬರು ಬೈಕ್ ಇಟ್ಟು ಲಕ್ಕಿ ಡ್ರಾ ಮಾಡೋಣ ಅಂದರು. ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಟಿಕೆಟ್ ಮಾರಿ ಬಹುಮಾನ ಕೊಡುವುದಕ್ಕೆ ನಾನು ಸಹಿ ಹಾಕುವುದಿಲ್ಲ ಅಂದೆ. ನಮ್ಮ ವಕೀಲ ಸದಸ್ಯರೂ ನನ್ನ ಕಡೆ ನಿಂತರು. ಅಲ್ಲಿಗೆ ಮುಗಿಯಿತು.

ರಸೀದಿ ಪುಸ್ತಕ ಹಿಡಿದು ಹಳ್ಳಿಗೆ ಹೋದಾಗ ನಾನು ಕಂಡದ್ದು ಇಷ್ಟು. ನೂರು ರೂಪಾಯಿ ಕೇಳಿದರೆ 'ನಾಳೆ ಬನ್ನಿ' ಅನ್ನುವವರು, ಮಾತು ಮುಗಿಸಿ ಹೊರಡುವಾಗ ಎರಡು ಕಾಯಿ ಕೈಗಿಟ್ಟು ಕಳಿಸುತ್ತಾರೆ. ನಮ್ಮ ಕಡೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ದುಡ್ಡು ಎಣಿಸಿ ಕೊಡಬೇಕು, ಕಾಯಿ ಸುಮ್ನೆ ರಾಶಿಯಿಂದ ಎತ್ತಿ ಕೊಡಬಹುದು. ಹಾಗಾದರೆ ಕಾಯಿಯನ್ನೇ ಕೇಳೋಣ ಅಂದೆ. ಮನೆಗೆ ಹತ್ತು ಕಾಯಿ. ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಮಾಡಿ ಹರಾಜಿಗೆ ಹಾಕೋಣ.

ಎದುರು ಬಂದ ಮಾತು ದರದ್ದಲ್ಲ, ಕ್ಯಾಲೆಂಡರಿನದು. ಲಯನ್ಸ್ ಆಗಲಿ ರೋಟರಿ ಆಗಲಿ, ಜುಲೈ 1ಕ್ಕೆ ಹೊಸ ಅಧ್ಯಕ್ಷರು ಬರುತ್ತಾರೆ. ಮಾರ್ಚಿನಲ್ಲಿ ಎತ್ತಿದ ಕಾಯಿ ಅಟ್ಟದಲ್ಲಿ ಒಣಗಿ ಗಿಟುಕು, ಅಂದರೆ ಉಂಡೆ ಕೊಬ್ಬರಿ, ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ಬೆವರು ಈ ಅಧ್ಯಕ್ಷರದು, ದುಡ್ಡು ಮುಂದಿನವರದು. ಯಾವ ಅಧ್ಯಕ್ಷ ಒಪ್ಪುತ್ತಾನೆ? ಕ್ಲಬ್‌ಗಳ ಮೇಲಿನವರಾದ ಜಿಲ್ಲಾ ಗವರ್ನರ್ ಭೇಟಿಗೆ ಬಂದಾಗ ವರದಿಯಲ್ಲಿ ಏನು ತೋರಿಸುವುದು, 'ಅಟ್ಟದಲ್ಲಿ ಕಾಯಿ ಇದೆ' ಅಂತಲಾ? ಇದಕ್ಕೆ ನಾನು ಹುಡುಕಿದ ದಾರಿ ಸುಲಭದ್ದು. ಎತ್ತುವ ದಿನವನ್ನೇ ದೊಡ್ಡ ಕಾರ್ಯಕ್ರಮ ಮಾಡಿ ಈ ಅಧ್ಯಕ್ಷರಿಗೆ ಕೊಟ್ಟೆವು. ಮಂಚ, ಗಾಲಿಕುರ್ಚಿ ಮೇಲೆ ಇಬ್ಬರ ವರ್ಷವನ್ನೂ ಬರೆಸಿದೆವು. ಫೋಟೋ ಇಬ್ಬರಿಗೂ ಬಂತು. ಇದಾದ ಮೇಲೆ ತಕರಾರು ಅರ್ಧ ಇಳಿಯಿತು.

2022ರ ಮೊದಲ ಸಲದ ಕಥೆ ಹೇಳಲೇಬೇಕು. 4,000 ಕಾಯಿ ಬರುತ್ತದೆ ಅಂದುಕೊಂಡಿದ್ದು, ಬಂದದ್ದು ಎರಡೂವರೆ ಸಾವಿರ. ಕೊಟ್ಟವರು ಒಳ್ಳೆಯದನ್ನೇ ಕೊಟ್ಟಿರಲಿಲ್ಲ ಅನ್ನಿ. ನುಸಿ ಹಿಡಿದ ಚಿಕ್ಕ ಕಾಯಿ, ಬಲಿಯದ ಕಾಯಿ, ಬಿದ್ದು ಸಿಪ್ಪೆ ಬಿರಿದ ಕಾಯಿ ಎಲ್ಲ ಸೇರಿತ್ತು. ಎಲ್ಲವನ್ನೂ ಒಂದೇ ಅಟ್ಟಕ್ಕೆ ತುಂಬಿದ್ದರು. ಅದು ಒಬ್ಬ ಸದಸ್ಯರ ಹಳೆ ಮನೆಯ ಅಟ್ಟ, ಒಂದು ಮೂಲೆಯಲ್ಲಿ ಹೆಂಚು ಜಾರಿತ್ತು. ಮಳೆಗಾಲದಲ್ಲಿ ಆ ಮೂಲೆಯ ಕಾಯಿ ಮೊಳಕೆ ಒಡೆದವು. ಇನ್ನೊಂದು ಮೂಲೆಯಲ್ಲಿ ಹೆಗ್ಗಣದ ಕಾಟ. ನಾಲ್ಕು ನೂರಕ್ಕೂ ಜಾಸ್ತಿ ಕಾಯಿ ಹಾಳಾದವು. 2023ರಲ್ಲಿ ಒಡೆಸಿದರೆ ಬಂದದ್ದು ಮೂರು ಕ್ವಿಂಟಲ್ ಚಿಲ್ಲರೆ. ಆ ವರ್ಷದ ದರ ನಿಮಗೆಲ್ಲ ನೆನಪಿರಬೇಕು. 8,000ದ ಆಸುಪಾಸು. ಬೆಂಬಲ ಬೆಲೆ 11,750 ಇತ್ತು. ಆದರೆ ಆ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಡಲು ರೈತರ ನೋಂದಣಿ ಸಂಖ್ಯೆ, ಅಂದರೆ ಫ್ರೂಟ್ಸ್ ಐಡಿ ಬೇಕು, ಕ್ಲಬ್‌ಗೆ ಎಲ್ಲಿಂದ ಬರಬೇಕು? ಸದಸ್ಯರೊಬ್ಬರ ಹೆಸರಲ್ಲಿ ಕೊಡೋಣ ಅನ್ನುವ ಸಲಹೆ ಬಂತು. ಜನರ ಕಾಯಿಯನ್ನು ಒಬ್ಬರ ಪಹಣಿಗೆ ಸೇರಿಸಿದರೆ ನಾಳೆ ಊರಲ್ಲಿ ಏನು ಮಾತು ಬರುತ್ತದೆ ಅಂತ ಗೊತ್ತಿತ್ತು. ಮಂಡಿಗೇ ಹಾಕಿದೆವು. ಕೈಗೆ ಬಂದದ್ದು 18,000. ರಸಮಂಜರಿಗಿಂತಲೂ ಕಡಿಮೆ.

ಆಗ ನಕ್ಕವರ ಸಂಖ್ಯೆ ಜಾಸ್ತಿಯಾಯಿತು. ಆದರೆ ನಾನು ನೋಡಿದ ಲೆಕ್ಕ ಬೇರೆ. ಈ 18,000ಕ್ಕೆ ಹಾಕಿದ್ದು 7,000 ಮಾತ್ರ. ರಸಮಂಜರಿಯ 30,000ಕ್ಕೆ ಹಾಕಿದ್ದು ಎರಡು ಲಕ್ಷದ ಮೇಲೆ. ಅಂದು ಮಳೆ ಬಂದಿದ್ದರೆ ಆ ಎರಡು ಲಕ್ಷ ಯಾರ ಜೇಬಿಂದ ಹೋಗುತ್ತಿತ್ತು?

2023ರಿಂದ ವಿಂಗಡಣೆ ಶುರು ಮಾಡಿದೆವು. ಎಲ್ಲ ಬದಲಾದದ್ದು ಇಲ್ಲಿಂದಲೇ. ಟ್ರ್ಯಾಕ್ಟರ್‌ನಿಂದ ಇಳಿಸುವಾಗಲೇ ಕಾಯಿ ಎರಡು ರಾಶಿ ಆಗುತ್ತದೆ. ಬಲಿತದ್ದು, ಸಿಪ್ಪೆ ಗಟ್ಟಿ ಇರುವುದು ಅಟ್ಟಕ್ಕೆ. ಚಿಕ್ಕದು, ಬಿರಿದದ್ದು ಅವತ್ತೇ ಒಲೆಗೆ. ಒಲೆಗೆ ಅಂದರೆ ಕಾಯಿ ಹೋಳಿಗೆಗೆ. ಅಟ್ಟದಲ್ಲಿ ಕೊಳೆಯುವ ಕಾಯಿ ಸಂಜೆಯೊಳಗೆ ದುಡ್ಡಾಗುತ್ತದೆ, ಅಲ್ವಾ? ಸುಲಿಯುವವರ ಪೈಕಿ ಒಬ್ಬ ಅನುಭವಿಯನ್ನು ಆ ಜಾಗದಲ್ಲಿ ಕೂರಿಸುತ್ತೇವೆ. ಆತ ಕಾಯಿಯನ್ನು ಕೈಗೆ ತಗೊಂಡು ಒಂದು ಸಲ ಅಲ್ಲಾಡಿಸಿ ಎಸೆಯುತ್ತಾನೆ. ಆತನ ತೀರ್ಪಿನ ಮೇಲೆ ಯಾವ ಡಾಕ್ಟರೂ ವಕೀಲರೂ ಮಾತಾಡುವ ಹಾಗಿಲ್ಲ.

ಎತ್ತುವ ಭಾನುವಾರಕ್ಕೆ ನಾವಿಟ್ಟ ಹೆಸರು 'ಕಾಯಿ ಜಾತ್ರೆ'. ಬೆಳಿಗ್ಗೆ ಆರಕ್ಕೆ ನಾಲ್ಕೈದು ಟ್ರ್ಯಾಕ್ಟರು, ಮುಂದೆ ತಮಟೆ. ಹಿಂದಿನ ವಾರವೇ ಖಾಲಿ ಚೀಲ ಹಂಚಿರುತ್ತೇವೆ. ಚೀಲ ಮನೆ ಬಾಗಿಲಲ್ಲಿ ಇದ್ದರೆ ತುಂಬಬೇಕು ಅನ್ನಿಸುತ್ತದೆ. ಹತ್ತು ಕಾಯಿಗೆ ಸರಿಯಾದ ಚಿಕ್ಕ ಚೀಲ ಕೊಟ್ಟ ವರ್ಷಕ್ಕಿಂತ ದೊಡ್ಡ ಚೀಲ ಕೊಟ್ಟ ವರ್ಷ ಮನೆಗೆ ಸರಾಸರಿ ಮೂರ್ನಾಲ್ಕು ಕಾಯಿ ಜಾಸ್ತಿ ಬಂತು. ಮಧ್ಯಾಹ್ನ ಎಲ್ಲ ಟ್ರ್ಯಾಕ್ಟರು ಮೈದಾನಕ್ಕೆ. ಹೈಸ್ಕೂಲ್ ಹುಡುಗರು ಎಣಿಸುತ್ತಾರೆ. ಊರೂರಿನ ಲೆಕ್ಕ ದೊಡ್ಡ ಹಲಗೆ ಮೇಲೆ ಏರುತ್ತದೆ, ಮೈಕಲ್ಲಿ ಕೂಗುತ್ತೇವೆ. ಮನೆಯವರ ಹೆಸರು ಕೂಗುವುದಿಲ್ಲ, ಊರಿನ ಹೆಸರು ಮಾತ್ರ. ಕಡಿಮೆ ಕೊಟ್ಟವರಿಗೆ ಮುಜುಗರ ಬೇಡ. ಊರಿಗೆ ಊರು ಪೈಪೋಟಿ ಬಿದ್ದರೆ ಮಾತ್ರ ಬೇಕಾದಷ್ಟು ಬೀಳಲಿ. 2024ರಲ್ಲಿ ಒಂದು ಊರಿನವರು ಹಲಗೆಯಲ್ಲಿ ತಾವು ಮೂರನೆಯವರು ಅಂತ ಕಂಡು, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಗೂಡ್ಸ್ ಆಟೋ ತುಂಬ ಕಾಯಿ ಕಳಿಸಿದರು. ಆ ಸಲ ಒಟ್ಟು 9,000 ದಾಟಿತು.

ಯಾವ ಹಳ್ಳಿಯಿಂದ ಶುರು ಮಾಡಬೇಕು, ಯಾರ ಮನೆಯ ಚೀಲ ಮೊದಲು ಎತ್ತಬೇಕು ಅನ್ನುವುದರಲ್ಲಿ ಒಂದು ಕಸುಬಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಕ್ಲಬ್‌ನವರೂ ಓದುತ್ತಾರೆ.

ಹೋಳಿಗೆ ಮೊದಲ ಸಲ ಕೈಕೊಟ್ಟಿತು. ನಮ್ಮ ಮನೆಯ ಹೆಂಗಸರೇ ಮಾಡುತ್ತಾರೆ, ಖರ್ಚು ಉಳಿಯುತ್ತದೆ ಅಂತ ಹೊರಟಿದ್ದೆವು. ಮನೆಗೆ ಮೂವತ್ತು ತಟ್ಟುವುದು ಬೇರೆ, ಬಯಲಲ್ಲಿ ಗಾಳಿಗೆ ಒಲೆ ಇಟ್ಟು ಸಾವಿರ ತಟ್ಟುವುದು ಬೇರೆ. ಸಾಲಲ್ಲಿ ನಿಂತವರು ಬೈದು ಹೋದರು. ಮರು ವರ್ಷ ಅಡುಗೆ ಭಟ್ಟರನ್ನು ಹಿಡಿದೆವು, ಹೋಳಿಗೆಗೆ ನಾಲ್ಕು ರೂಪಾಯಿ ಕೂಲಿ. ಕೂಪನ್ ಮೊದಲೇ ಮಾರಿದೆವು, ಹೋಳಿಗೆ ಒಂದಕ್ಕೆ 20. ಕೂಪನ್ ಎಷ್ಟೋ ಕಣಕ ಅಷ್ಟೇ. ಒಂದು ಕಾಯಿಗೆ ಹತ್ತು ಹೋಳಿಗೆ ಹಿಡಿಯಿರಿ. ಬೆಲ್ಲ, ಚಿರೋಟಿ ರವೆ, ಎಣ್ಣೆಯನ್ನು ಅಂಗಡಿಯವರ ಹತ್ತಿರ ಕೇಳಿದರೆ ಸ್ವಲ್ಪ ಹಾಗೇ ಕೊಡುತ್ತಾರೆ. 500 ರೂಪಾಯಿ ಚಂದಾಗೆ ಗೊಣಗುವ ವ್ಯಾಪಾರಿ ಸಾವಿರದ ಬೆಲ್ಲವನ್ನು ಮಾತಿಲ್ಲದೆ ಎತ್ತಿಡುತ್ತಾನೆ. 2024ರಲ್ಲಿ 4,000 ಹೋಳಿಗೆ ಹತ್ತಿರ ಹೋಯಿತು. ಖರ್ಚು 30,000, ಕೈಗೆ ಸುಮಾರು 50,000. ಕಾಯಿ ಕೊಬ್ಬರಿಯಾಗುವವರೆಗೆ ಆ ವರ್ಷದ ಅಧ್ಯಕ್ಷರಿಗೆ ತೋರಿಸಲು ಒಂದು ಮೊತ್ತವೂ ಆಯಿತು.

ಕೆಲವರು 80ಜಿ ರಸೀದಿ, ಅಂದರೆ ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗುವ ರಸೀದಿ ಕೇಳುತ್ತಾರೆ. ವಸ್ತು ರೂಪದ ದಾನಕ್ಕೆ ಅದು ಸಿಗುವುದಿಲ್ಲ, ನಗದಾದರೂ 2,000 ದಾಟಿದರೆ ಇಲ್ಲ. ತೆರಿಗೆ ಕಟ್ಟುವವರು ಚೆಕ್ ಕೊಡಲಿ. ಕಾಯಿ ಕೊಡುವವರು ಇದನ್ನು ಕೇಳಿದ್ದು ನನಗೆ ನೆನಪಿಲ್ಲ.

ಇನ್ನು ಅಡ್ಡ ಪ್ರಯೋಗಗಳು. ಚಿಪ್ಪು ಚೆನ್ನಾಗಿ ಹೋಗುತ್ತದೆ. ಇದ್ದಿಲಿನವರು ಮನೆ ಬಾಗಿಲಿಗೇ ಬಂದು ತೂಕ ಹಾಕುತ್ತಾರೆ. ಸುಲಿಯುವ ಕೂಲಿಯ ಒಂದು ಭಾಗ ಅಲ್ಲೇ ಹುಟ್ಟುತ್ತದೆ. ಸಿಪ್ಪೆಯಿಂದ ಕಾಲೊರೆಸುವ ಮ್ಯಾಟ್ ಮಾಡಿಸಿ ಮಾರೋಣ ಅಂತ ಒಂದು ಕೈ ನೋಡಿದೆವು. ಮ್ಯಾಟ್ ಚೆನ್ನಾಗೇ ಬಂತು, ಬೆಲೆ ಮಾತ್ರ ಸಂತೆಯ ಪ್ಲಾಸ್ಟಿಕ್ ಮ್ಯಾಟಿನ ಎರಡರಷ್ಟು. ಈಗಲೂ ನಮ್ಮ ಮೀಟಿಂಗ್ ಹಾಲಿನ ಮುಂದೆ ಅದೇ ಬಿದ್ದಿದೆ. ಕೌಟು ಕೊಬ್ಬರಿಯನ್ನು, ಅಂದರೆ ಕೆಟ್ಟು ವಾಸನೆ ಬಂದದ್ದನ್ನು, ಗಾಣಕ್ಕೆ ಹಾಕಿಸಿ ದೀಪದ ಎಣ್ಣೆ ಅಂತ ಕಾರ್ತಿಕದಲ್ಲಿ ಮಾರಿದ್ದು ಗೆದ್ದಿತು. ಅರ್ಧ ಲೀಟರ್ ಬಾಟಲಿ, ಮೇಲೆ 'ದೀಪಕ್ಕೆ ಮಾತ್ರ' ಅಂತ ದಪ್ಪ ಅಕ್ಷರ. ಎಂಟು ಹತ್ತು ಸಾವಿರ ಬಂದಿರಬೇಕು. ಕೌಟು ಇನ್ನೂ ಇದ್ದಿದ್ದರೆ ಅನ್ನಿಸಿತು ಒಂದು ಗಳಿಗೆ.

2023ರ ಕಾಯಿ 5,000 ಹತ್ತಿರ ಇತ್ತು. 2024ರ ಮಳೆಗಾಲ ಮುಗಿದ ಮೇಲೆ ಮಾರಿದೆವು, ಏಳು ಕ್ವಿಂಟಲ್, 13,000ದ ಹತ್ತಿರ. ಗಾತ್ರ ನೋಡಿ ಲಾಟ್ ಬೇರೆ ಮಾಡಿದ್ದಕ್ಕೆ ಕ್ವಿಂಟಲ್‌ಗೆ ನಾನೂರು ಐನೂರು ಜಾಸ್ತಿ ಸಿಕ್ಕಿತು. ದಪ್ಪ ಗಿಟುಕಿನ ಜೊತೆ ಚಿಕ್ಕದು ಬೆರೆತರೆ ಟೆಂಡರ್ ಹಾಕುವವನು ಚಿಕ್ಕದರ ಬೆಲೆಯನ್ನೇ ಬರೆಯುತ್ತಾನೆ. ವಾರದ ಎರಡು ಹರಾಜುಗಳಲ್ಲಿ ಯಾವುದಕ್ಕೆ ಮಾಲು ಇಡಬೇಕು ಅನ್ನುವುದು ನನ್ನ ಮತ್ತು ನಮ್ಮ ಮಂಡಿಯವರ ನಡುವಿನ ವಿಷಯ.

2025ರ ದುಡ್ಡು ನೋಡಿ 'ದರ ಏರಿತು, ಅದಕ್ಕೆ ಬಂತು' ಅನ್ನುತ್ತಾರೆ. ಏರಿದ್ದು ನಿಜ. ಅವರಿಗೆ ನನ್ನ ಉತ್ತರ ಇಷ್ಟು. ಅದೇ ಹನ್ನೆರಡೂವರೆ ಕ್ವಿಂಟಲ್ ಬರೀ 12,000ಕ್ಕೆ ಹೋಗಿದ್ದರೂ ಒಂದೂವರೆ ಲಕ್ಷ. 35,000 ಖರ್ಚು ಕಳೆಯಿರಿ, ಹೋಳಿಗೆಯ 50,000 ಸೇರಿಸಿ. ಯಾವ ರಸಮಂಜರಿ ಇಷ್ಟು ಕೊಟ್ಟಿತ್ತು ಹೇಳಿ.

ಆ ದುಡ್ಡಲ್ಲಿ ಫ್ರೀಜರ್ ಪೆಟ್ಟಿಗೆ ಬಂತು, 80,000ದ ಹತ್ತಿರ. ಆರು ಮಂಚ, ಏಳೆಂಟು ವೀಲ್‌ಚೇರ್, ಏರ್ ಬೆಡ್‌ಗಳು ಬಂದವು. ಮಂಚಕ್ಕೆ ಬಾಡಿಗೆ ಇಲ್ಲ, 1,000 ಠೇವಣಿ ಮಾತ್ರ. ವಾಪಸ್ ತರುವಾಗ ಎಷ್ಟೋ ಜನ ಠೇವಣಿ ಬೇಡ ಅನ್ನುತ್ತಾರೆ. ಒಬ್ಬರು ಠೇವಣಿ ತಗೊಂಡು ಹೋಗಿ, ಮರುವಾರ ಒಂದು ಚೀಲ ಕಾಯಿ ತಂದು ಇಳಿಸಿದರು.

ದರ ಏರಿದ್ದರಿಂದ ಒಂದು ತೊಂದರೆಯೂ ಬಂದಿದೆ. ಒಂದು ಕಾಯಿಗೆ ಇಪ್ಪತ್ತೈದು ಮೂವತ್ತು ರೂಪಾಯಿ ಇರುವಾಗ ಹತ್ತು ಕೇಳುವುದು ಜಾಸ್ತಿಯಾಯಿತು. ಅದಕ್ಕೇ ಮನೆಗೆ ಐದು ಮಾಡಿದ್ದೇವೆ, ಹಳ್ಳಿಗಳನ್ನು ಹೆಚ್ಚಿಸಿದ್ದೇವೆ. ಚೀಲ ಮಾತ್ರ ದೊಡ್ಡದೇ. ಈಗಿನ ಅಟ್ಟ ಸಾಲುವುದಿಲ್ಲ. ಇನ್ನೊಂದು ಗೊತ್ತು ಮಾಡಿದ್ದೆವು, ಕೊಬ್ಬರಿ ಮಾರಿದ ಸುದ್ದಿ ತಿಳಿದ ಮೇಲೆ ಆ ಮನೆಯವರು ಬಾಡಿಗೆ ಕೇಳುತ್ತಿದ್ದಾರೆ, ತಿಂಗಳಿಗೆ 1,500. ನಾನು ಸಾವಿರಕ್ಕಿಂತ ಮೇಲೆ ಹೋಗುವುದಿಲ್ಲ ಅಂದಿದ್ದೇನೆ. ಅಧ್ಯಕ್ಷರು ಕೊಟ್ಟುಬಿಡೋಣ ಅನ್ನುತ್ತಾರೆ. ಮುಂದಿನ ಮೀಟಿಂಗ್‌ಗೆ ಇದೇ ಮೊದಲ ವಿಷಯ.