ಪೆನ್ ಟ್ಯಾಬ್ಲೆಟ್‌ನಲ್ಲಿ ಕಂಬಿ ನಕ್ಷೆಗಳ ತಿದ್ದುಪಡಿ: ನನ್ನ ಅನುಭವ

ಕಟ್ಟಡಗಳ ಸ್ಟ್ರಕ್ಚರಲ್ ನಕ್ಷೆಗಳನ್ನು, ಅದರಲ್ಲೂ ತೊಲೆ ಮತ್ತು ಕಂಬಗಳ ಕಂಬಿ ವಿವರದ ಹಾಳೆಗಳನ್ನು ಪರಿಶೀಲಿಸಿ ತಿದ್ದುವುದು ನನ್ನ ಕೆಲಸದ ಬಹುಪಾಲು. ಬಹುಕಾಲ ಇದು ಕಾಗದದ ಮೇಲೆಯೇ ನಡೆಯುತ್ತಿತ್ತು. ಎ1 ಅಳತೆಯ ನಕ್ಷೆಯನ್ನು ಎ3 ಹಾಳೆಗೆ ಇಳಿಸಿ ಮುದ್ರಿಸಿಕೊಂಡು, ಸರಿಯಿದ್ದ ಕಡೆ ಹಳದಿ ಹೈಲೈಟರ್ ಎಳೆದು, ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ತಿದ್ದಿ, ಸ್ಕ್ಯಾನ್ ಮಾಡಿ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್‌ಗೆ ಕಳುಹಿಸುತ್ತಿದ್ದೆ. ಹೀಗೆ ಇಳಿಸಿದಾಗ ಉದ್ದ, ಅಗಲ ಎರಡೂ ಅರ್ಧವಾಗುತ್ತವೆ. 1:50 ಪ್ರಮಾಣದ ನಕ್ಷೆ 1:100 ಆಗುತ್ತದೆ, 2.5 ಮಿ.ಮೀ. ಎತ್ತರದ ಅಕ್ಷರ 1.25 ಮಿ.ಮೀ.ಗೆ ಕುಗ್ಗುತ್ತದೆ. ಅದನ್ನೇ ಸ್ಕ್ಯಾನ್ ಮಾಡಿದರೆ 6 ಯಾವುದು, 8 ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕಂಬಿಯ ವ್ಯಾಸದ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಪಿಡಿಎಫ್ ಕಡತದ ಮೇಲೆ ನೇರವಾಗಿ ಮೌಸ್‌ನಿಂದ ಗುರುತು ಹಾಕಬಹುದು, ನಿಜ. ಟಿಪ್ಪಣಿಯ ಚೌಕ, ಬಾಣ, ಬದಲಾವಣೆಯ ಜಾಗವನ್ನು ಸುತ್ತುವ ಮೋಡದಾಕಾರದ ಗೆರೆ (ರಿವಿಷನ್ ಕ್ಲೌಡ್) ಇಷ್ಟಕ್ಕೆ ಮೌಸ್ ಸಾಕು. ಆದರೆ ಕಂಬಿಯ ತುದಿ ಎತ್ತ ಬಾಗಬೇಕು, ಯಾವ ಕಂಬಿ ಯಾವುದರ ಹಿಂದೆ ಹಾಯಬೇಕು ಎಂಬುದನ್ನು ಮೌಸ್‌ನಿಂದ ಬಿಡಿಸಲಾಗುವುದಿಲ್ಲ; ಬರೆದು ತಿಳಿಸಹೊರಟರೆ ಮೂರು ಸಾಲಾದರೂ ಬೇಕು, ಆ ಮೂರು ಸಾಲನ್ನು ಓದಿದವರು ಮತ್ತೆ ಫೋನ್ ಮಾಡಿ ಕೇಳುತ್ತಾರೆ. ಪೆನ್ನಿನಿಂದ ಬರೆದದ್ದನ್ನು ಕಂಪ್ಯೂಟರಿನ ಪರದೆಯ ಮೇಲೆ ಮೂಡಿಸುವ ಹಲಗೆಯಾದ ಪೆನ್ ಟ್ಯಾಬ್ಲೆಟ್ ಕೊಳ್ಳಲು ನನಗಿದ್ದ ಕಾರಣ ಇದೊಂದೇ.

ಪರದೆಯಿರುವ ಟ್ಯಾಬ್ಲೆಟ್ ದುಬಾರಿ. ಅಲ್ಲದೆ ಅದರ ಮೇಲೆ ಬಾಗಿ ಕುಳಿತರೆ ಕತ್ತು ನೋಯುತ್ತದೆ. ಹಾಗಾಗಿ ಪರದೆಯಿಲ್ಲದ, ಮಧ್ಯಮ ಗಾತ್ರದ ವೇಕಮ್ ಇಂಟುವಾಸ್ ಆರಿಸಿಕೊಂಡೆ. ಅದರ ಬರೆಯುವ ಜಾಗ 216 × 135 ಮಿ.ಮೀ.; ಚಿಕ್ಕದರಲ್ಲಿ ಸಿಗುವುದು 152 × 95 ಮಿ.ಮೀ. ಮಾತ್ರ. ಚಿತ್ರ ಬರೆಯುವ ಹವ್ಯಾಸಕ್ಕೆ ಚಿಕ್ಕದು ಸಾಕೆನ್ನುವವರಿದ್ದಾರೆ. ದೊಡ್ಡ ಮಾನಿಟರಿನ ಅಗಲವನ್ನೆಲ್ಲ ಆ ಸಣ್ಣ ಜಾಗದಲ್ಲಿ ಹಿಡಿಸಿದಾಗ ಕೈಯ ಸ್ವಲ್ಪ ಅಲುಗಾಟವೂ ಪರದೆಯ ಮೇಲೆ ದೊಡ್ಡದಾಗಿ ಕಾಣುವುದರಿಂದ, ಅಂಕಿ ಅಕ್ಷರ ಬರೆಯುವವರಿಗೆ ಮಧ್ಯಮ ಗಾತ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ. ಪೆನ್ನಿಗೆ ಬ್ಯಾಟರಿ ಇರುವುದಿಲ್ಲ. ಟ್ಯಾಬ್ಲೆಟ್ಟಿನೊಳಗಿನ ತಂತಿಗಳ ಜಾಲ ಹೊರಡಿಸುವ ವಿದ್ಯುತ್ಕಾಂತೀಯ ಕ್ಷೇತ್ರದಿಂದಲೇ ಅದು ಶಕ್ತಿ ಪಡೆಯುತ್ತದೆ. 4096 ಹಂತಗಳ ಒತ್ತಡ ಗ್ರಹಿಕೆಯೆಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿದ್ದರೂ ನಮ್ಮ ಕೆಲಸಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ. ತಿದ್ದುಪಡಿಯ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ ಇರುವುದೇ ಓದುವವರಿಗೆ ಅನುಕೂಲ.

ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲಿಯೇ ಬಳಸಿದರೆ ಈ ಸಾಧನ ಬೇಸರ ತರಿಸುತ್ತದೆ. ಡ್ರೈವರ್ ಸೆಟ್ಟಿಂಗ್‌ಗಳಲ್ಲಿ ಕೆಲವನ್ನು ಬದಲಿಸಲೇಬೇಕು. ಎರಡು ಮಾನಿಟರ್ ಇದ್ದರೆ ಟ್ಯಾಬ್ಲೆಟ್ ಎರಡಕ್ಕೂ ಸೇರಿ ಹರಡಿಕೊಂಡಿರುತ್ತದೆ, ಆಗ ವೃತ್ತ ಬರೆದರೆ ಅಂಡಾಕಾರ ಮೂಡುತ್ತದೆ. ಅದನ್ನು ನಕ್ಷೆ ತೆರೆದಿಡುವ ಒಂದೇ ಮಾನಿಟರಿಗೆ ಹೊಂದಿಸಿ, ಉದ್ದಗಲಗಳ ಅನುಪಾತ ಕಾಯ್ದುಕೊಳ್ಳುವ ಆಯ್ಕೆಯನ್ನು ಗುರುತು ಮಾಡಬೇಕು. ವಿಂಡೋಸ್‌ನಲ್ಲಿ ಪೆನ್ನನ್ನು ಒತ್ತಿ ಹಿಡಿದರೆ ಸಣ್ಣ ಉಂಗುರವೊಂದು ಮೂಡಿ ಬಲ ಕ್ಲಿಕ್ ಆಗುತ್ತದೆ. ನಿಧಾನವಾಗಿ ಗೆರೆ ಎಳೆಯತೊಡಗಿದಾಗ ಇದು ನಡುವೆ ಬಾಯಿ ಹಾಕುವುದರಿಂದ ಅದನ್ನೂ ನಿಲ್ಲಿಸಿದ್ದೇನೆ. ಪೆನ್ನಿನ ಪಕ್ಕದ ಗುಂಡಿಗೆ ಹಾಳೆಯನ್ನು ಸರಿಸುವ ಕೆಲಸ, ಟ್ಯಾಬ್ಲೆಟ್ಟಿನ ಮೇಲಿನ ಗುಂಡಿಗಳಿಗೆ ಅನ್‌ಡೂ, ಜೂಮ್, ಇಂಕ್ ಮತ್ತು ಹೈಲೈಟರ್ ವಹಿಸಿದ್ದೇನೆ. ಎಡಗೈ ಗುಂಡಿಗಳ ಮೇಲೆ, ಬಲಗೈ ಪೆನ್ನಿನ ಮೇಲೆ ಇದ್ದರೆ ಮೌಸ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಎಂಬ ಈ ಏರ್ಪಾಡಿಗೆ ಹೊಂದಿಕೊಳ್ಳುವವರೆಗೆ ಅಕ್ಷರಗಳು ಅಡ್ಡಾದಿಡ್ಡಿಯಾಗುತ್ತವೆ. ನನಗೆ ನೆರವಾದದ್ದು ಒಂದೇ ಅಭ್ಯಾಸ: ಬರೆಯುವಾಗಲೆಲ್ಲ ಒಂದೇ ಜೂಮ್ ಪ್ರಮಾಣ, ನನ್ನ ಮಾನಿಟರಿನಲ್ಲಿ ಶೇ. 150. ಪ್ರಮಾಣ ಬದಲಾದಂತೆಲ್ಲ ಒಂದೇ ಹಾಳೆಯಲ್ಲಿ ಅಕ್ಷರಗಳು ಒಂದು ಕಡೆ ಸಾಸಿವೆ, ಇನ್ನೊಂದು ಕಡೆ ಕುಂಬಳಕಾಯಿ ಆಗಿ, ಎ3 ಮುದ್ರಣದಲ್ಲಿ ಅರ್ಧಕ್ಕರ್ಧ ಓದಲಾಗದೆ ಹೋಗುತ್ತವೆ.

ಪರಿಶೀಲನೆಯ ಕ್ರಮವನ್ನು ಮಾತ್ರ ಕಾಗದದ ಕಾಲದಿಂದ ಹಾಗೆಯೇ ಉಳಿಸಿಕೊಂಡಿದ್ದೇನೆ. ಲೆಕ್ಕದ ಹಾಳೆಯೊಂದಿಗೆ ತಾಳೆಯಾದ ಪ್ರತಿಯೊಂದು ಅಳತೆ, ಕಂಬಿಯ ಸಂಖ್ಯೆ, ವ್ಯಾಸದ ಮೇಲೂ ಹಳದಿ ಹಾಯಬೇಕು. ಬಿಳಿಯಾಗಿ ಉಳಿದದ್ದೆಲ್ಲ ನೋಡದೇ ಬಿಟ್ಟದ್ದು ಎಂದೇ ಅರ್ಥ. ಒಂದು ತೊಲೆಯ ವಿವರವನ್ನೇ ತೆಗೆದುಕೊಳ್ಳೋಣ. ಭೂಕಂಪ ತಾಳಬೇಕಾದ ಕಾಂಕ್ರೀಟ್ ಕಟ್ಟಡಗಳ ಕಂಬಿ ವಿವರಕ್ಕಿರುವ ಭಾರತೀಯ ಮಾನಕ ಐಎಸ್ 13920:2016ರ ಪ್ರಕಾರ ತೊಲೆಯ ಎರಡೂ ತುದಿಗಳಲ್ಲಿ, ತೊಲೆಯ ಪರಿಣಾಮಕಾರಿ ಆಳದ (ಒತ್ತಡ ಬೀಳುವ ಮುಖದಿಂದ ಎಳೆತ ತಡೆಯುವ ಕಂಬಿಗಳ ಮಧ್ಯದವರೆಗಿನ ಆಳದ) ಎರಡರಷ್ಟು ಉದ್ದದವರೆಗೆ, ರಿಂಗುಗಳ ಅಂತರ 100 ಮಿ.ಮೀ. ಮೀರಬಾರದು. ನಕ್ಷೆಯಲ್ಲಿ ಉದ್ದಕ್ಕೂ 150 ಎಂದಿದ್ದರೆ ಆ ಅಂಕಿಯನ್ನು ಹೊಡೆದು ಹಾಕಿ, ಕಂಬದ ಮುಖದಿಂದ ಎಲ್ಲಿಯವರೆಗೆ 100 ಎಂಬುದಕ್ಕೆ ಅಳತೆಯ ಗೆರೆ ಎಳೆದು, ಮಗ್ಗುಲಲ್ಲಿ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗುವುದನ್ನು ಪುಟ್ಟದಾಗಿ ಬಿಡಿಸುತ್ತೇನೆ. 90 ಡಿಗ್ರಿಯ ಕೊಕ್ಕೆ ಬಿಡಿಸುವ ರೂಢಿ ಡ್ರಾಫ್ಟ್ಸ್‌ಮನ್‌ಗಳಲ್ಲಿ ಇನ್ನೂ ಹೋಗಿಲ್ಲ. ಎಷ್ಟು ಬರೆದರೂ ನಾಟದ್ದು ಈ ಚಿತ್ರದಿಂದ ನಾಟುತ್ತದೆ.

ಹಾಗೆಂದು ಎಲ್ಲವನ್ನೂ ಪೆನ್ನಿನಲ್ಲೇ ಬರೆಯುವುದು ಸರಿಯಲ್ಲ. ಕೈಬರಹವನ್ನು ಹುಡುಕಲಾಗದು, ಪಟ್ಟಿ ಮಾಡಲಾಗದು. ಯಾರಾದರೂ ಉತ್ತರ ಕೊಡಬೇಕಾದ ಪ್ರಶ್ನೆಗಳನ್ನು, ಗುತ್ತಿಗೆದಾರರ ಬಿಲ್ಲಿಗೆ ಸಂಬಂಧಿಸಿದ ಬದಲಾವಣೆಗಳನ್ನು ಕೀಲಿಮಣೆಯಿಂದಲೇ ಟೈಪ್ ಮಾಡುತ್ತೇನೆ. ನಾನು ಬಳಸುವ ಪಿಡಿಎಫ್ ತಂತ್ರಾಂಶ ಬ್ಲೂಬೀಮ್ ರೆವ್ಯೂ ಅಂಥ ಟಿಪ್ಪಣಿಗಳನ್ನೆಲ್ಲ ಒಂದು ಪಟ್ಟಿಯಲ್ಲಿ ತೋರಿಸುತ್ತದೆ, ಪ್ರತಿಯೊಂದರ ಮುಂದೆ ಸ್ಥಿತಿ ನಮೂದಿಸಬಹುದು. ಟೈಪ್ ಮಾಡುವ ಈ ನಿಯಮಕ್ಕೆ ಕನ್ನಡದ ಟಿಪ್ಪಣಿ ಮಾತ್ರ ಹೊರತು. ಸೈಟಿನ ಮೇಸ್ತ್ರಿಗೆ ನೇರವಾಗಿ ತಲುಪಬೇಕಾದ ಒಂದೆರಡು ಮಾತನ್ನು ಪಿಡಿಎಫ್‌ನಲ್ಲಿ ಟೈಪ್ ಮಾಡಿದರೆ ಎಷ್ಟೋ ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ‘ಇಲ್ಲಿ ಲ್ಯಾಪ್ ಕೊಡಬೇಡಿ’ (ಕಂಬಿಗಳನ್ನು ಒಂದರ ಪಕ್ಕ ಒಂದು ಹಾಯಿಸಿ ಜೋಡಿಸಬೇಡಿ) ಎಂದು ಪೆನ್ನಿನಲ್ಲಿ ಬರೆದರೆ ಆ ತಾಪತ್ರಯವಿಲ್ಲ.

ಬ್ಲೂಬೀಮ್ ತೋರಿಸುವ ಟಿಪ್ಪಣಿಗಳ ಪಟ್ಟಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನಿಂದ ಬಂದ ಪಿಡಿಎಫ್‌ನಲ್ಲಿ ಎಸ್‌ಎಚ್‌ಎಕ್ಸ್ ಎಂಬ ಅದರದೇ ಬಗೆಯ ಫಾಂಟಿನ ಅಕ್ಷರಗಳೆಲ್ಲ ಕಾಮೆಂಟ್‌ಗಳಾಗಿ ಸೇರಿಕೊಂಡಿರುವುದುಂಟು. ನಮ್ಮ ಹತ್ತಾರು ಟಿಪ್ಪಣಿಗಳು ಆ ಗುಂಪಿನಲ್ಲಿ ಕಾಣದಂತಾಗುತ್ತವೆ. ಪಿಡಿಎಫ್ ತೆಗೆಯುವ ಮೊದಲೇ ಡ್ರಾಫ್ಟ್ಸ್‌ಮನ್ ತಮ್ಮ ಕಡೆ ಪಿಡಿಎಫ್‌ಎಸ್‌ಎಚ್‌ಎಕ್ಸ್ (PDFSHX) ಎಂಬ ಆಟೋಕ್ಯಾಡ್ ಸೆಟ್ಟಿಂಗನ್ನು 0ಗೆ ಇಟ್ಟರೆ ಇದು ಬಗೆಹರಿಯುತ್ತದೆ.

ಕಳುಹಿಸುವಾಗ ಎರಡು ಪ್ರತಿ ಮಾಡುತ್ತೇನೆ. ಡ್ರಾಫ್ಟ್ಸ್‌ಮನ್‌ಗೆ ಹೋಗುವ ಪ್ರತಿಯಲ್ಲಿ ಗುರುತುಗಳು ಬಿಡಿಬಿಡಿಯಾಗಿಯೇ ಇರುತ್ತವೆ, ಅವರು ಒಂದೊಂದನ್ನೂ ಮುಗಿಸಿದಂತೆ ಟಿಕ್ ಹಾಕಿಕೊಳ್ಳಬಹುದು. ಸೈಟಿಗೋ ಗುತ್ತಿಗೆದಾರರಿಗೋ ಹೋಗುವುದನ್ನು ಫ್ಲಾಟನ್ ಮಾಡಿ, ಗುರುತುಗಳನ್ನು ಹಾಳೆಯೊಳಗೆ ಬೆಸೆದಿರುತ್ತೇನೆ. ಬಣ್ಣಗಳ ಅರ್ಥ ಕಚೇರಿಯಿಂದ ಕಚೇರಿಗೆ ಬೇರೆಯಾದ್ದರಿಂದ ಹಾಳೆಯ ಮೂಲೆಯಲ್ಲಿ ಕೆಂಪು ಎಂದರೆ ಏನು, ಹಳದಿ ಎಂದರೆ ಏನು ಎಂಬ ಸಣ್ಣ ವಿವರ ಇರಲೇಬೇಕು. ಮುಂದಿನ ರಿವಿಷನ್ ಬಂದಾಗ ಹಳೆಯ ಗುರುತುಗಳನ್ನು ನಕಲಿಸಿ ಹೊಸ ಹಾಳೆಯ ಅದೇ ಜಾಗದಲ್ಲಿ ಅಂಟಿಸುತ್ತೇನೆ. ತಿದ್ದಿದ್ದರ ಮೇಲೆ ಹಸಿರು, ತಿದ್ದದೇ ಬಿಟ್ಟದ್ದಕ್ಕೆ ಮತ್ತೊಮ್ಮೆ ಕೆಂಪು ಕ್ಲೌಡ್.

ಪೆನ್ನಿನ ಮೊನೆ ಸವೆಯುತ್ತದೆಂಬುದನ್ನು ಹೊಸಬರು ಗಮನಿಸುವುದಿಲ್ಲ. ಹಳದಿ ಎಳೆಯುವವರಿಗೆ ಅದು ಬೇಗನೆ ಒಂದು ಕಡೆ ಓರೆಯಾಗಿ, ಚೂಪಾದ ಅಂಚು ಟ್ಯಾಬ್ಲೆಟ್ಟಿನ ಮೈಯನ್ನು ಗೀರತೊಡಗುತ್ತದೆ. ಅಷ್ಟರೊಳಗೆ ಪೆನ್ನಿನ ಜೊತೆ ಬರುವ ಬದಲಿ ಮೊನೆಯನ್ನು ಹಾಕಿಕೊಳ್ಳಬೇಕು.